ಡಿಫರೆನ್ಷಿಯಲ್ ಪುರಾಣ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಕೇಳಿದ ಗೆಳೆಯರಿಗೆಲ್ಲ "ಆಫೀಸಲ್ಲಿ ಕೆಲಸ ಜಾಸ್ತಿ" ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ಅದು ಅರ್ಧ ಸುಳ್ಳು. ನನ್ನ ಶನಿವಾರ, ಭಾನುವಾರಗಳೆಲ್ಲ ಒಂದು ಹಳೇ ಜಿಪ್ಸಿಯ ಹೊಟ್ಟೆಯ ಕೆಳಗೆ ಕಳೆದುಹೋಗುತ್ತಿದ್ದವು. ಇವತ್ತು ಬರೆಯುತ್ತಿರುವುದೂ ಅದರದೇ ಕಥೆ. ಗಾಡಿ, ಗೇರು ಅಂದರೆ ಆಗದವರು ಇಲ್ಲೇ ಇಳಿದುಕೊಳ್ಳಬಹುದು. ಆದರೂ ಸ್ವಲ್ಪ ದೂರ ಬನ್ನಿ, ಬರೀ ಗಾಡಿಯ ಕಥೆ ಅಲ್ಲ ಇದು :)

ಮೊದಲು ಜಿಪ್ಸಿಯ ಬಗ್ಗೆ ಎರಡು ಮಾತು. ಮಾರುತಿಯವರು ಇದನ್ನು 1985ರ ಡಿಸೆಂಬರಿನಲ್ಲಿ ಬಿಟ್ಟರು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಅದಕ್ಕೆ 16 ವಾಲ್ವಿನ 80 ಅಶ್ವಶಕ್ತಿಯ ಎಂಜಿನ್ ಬಂತು. ಮಿಲಿಟರಿಯವರ ಗಾಡಿ, ಪೊಲೀಸರ ಗಾಡಿ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ದಾರಿ ಬಿಟ್ಟು ನಿಂತು ನೋಡಿದ್ದು ಇದನ್ನೇ. ಆದರೆ ರ್ಯಾಲಿ ಹುಚ್ಚಿನವರಿಗೆ ಇದು ಬೇರೆಯದೇ ಪ್ರಾಣಿ. ತೂಕ ಒಂದು ಟನ್ನಿನ ಹತ್ತಿರ, ಹಿಂದೆ ಮುಂದೆ ಪಾಟಾ ಸ್ಪ್ರಿಂಗು, ಏನು ಮುರಿದರೂ ಹಳ್ಳಿಯ ಗ್ಯಾರೇಜಿನಲ್ಲಿ ಸರಿಹೋಗುತ್ತದೆ. ಕೆ-1000 ರ್ಯಾಲಿಯಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿದ ಜಿಪ್ಸಿಗಳನ್ನು ನೋಡಿದವರಿಗೆ ನಾನು ಹೇಳೋದು ಗೊತ್ತಾಗುತ್ತೆ. ಆ ಹುಚ್ಚಿನಲ್ಲೇ ನಾನೂ ಒಂದು ಹಳೇ ಜಿಪ್ಸಿ ಕೊಂಡೆ. ವರ್ಷಕ್ಕೆ ಎರಡೋ ಮೂರೋ ಆಟೋಕ್ರಾಸ್‌ಗಳಲ್ಲಿ ಓಡಿಸಿ, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ ಪಡೆದು, ಖುಷಿಯಾಗಿ ಮನೆಗೆ ಬರುತ್ತಿದ್ದೆ.

ಗಾಡಿಯದೊಂದು ರೋಗ ಇತ್ತು. ಜೋರಾಗಿ ತಿರುವು ತಗೊಂಡಾಗ ಒಳಬದಿಯ ಹಿಂದಿನ ಗಾಲಿ ಹಗುರಾಗಿ, ಒಮ್ಮೊಮ್ಮೆ ನೆಲ ಬಿಟ್ಟು ಏಳುತ್ತಿತ್ತು. ಆಗ ನೀವು ಎಷ್ಟೇ ಆಕ್ಸಿಲರೇಟರ್ ತುಳಿಯಿರಿ, ಆ ಗಾಲಿ ಗಾಳಿಯಲ್ಲಿ ಗಿರಗಿರ ತಿರುಗುತ್ತೆ, ಗಾಡಿ ಮುಂದೆ ಹೋಗೋದಿಲ್ಲ. ಇದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಪೂರ್ತಿ ಹೊಸದು ಹಾಕಿಸಲು ದುಡ್ಡಿಲ್ಲದವರಿಗೆ, ಇರುವ ಡಿಫರೆನ್ಷಿಯಲ್ ಒಳಗೇ ಪ್ಲೇಟು ಸ್ಪ್ರಿಂಗು ಕೂರಿಸುವ ಕನ್ವರ್ಶನ್ ಕಿಟ್ಟು. ತರಿಸಿದೆ. ತೆರಿಗೆ ಎಲ್ಲ ಸೇರಿ 52 ಸಾವಿರ ರೂಪಾಯಿ. ಹೆಂಡತಿ ಡಬ್ಬಿ ಎತ್ತಿ ನೋಡಿ "ಇಷ್ಟು ಭಾರದ ಬಂಗಾರ ಬರುತ್ತಿರಲಿಲ್ಲ ಬಿಡಿ" ಅಂದಳು. ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ.

ಡಿಫರೆನ್ಷಿಯಲ್ ಅಂದ್ರೆ ಏನು ಅಂತ ಕೇಳುವವರಿಗೆ ನಮ್ಮೂರ ಕಡೆಯ ಉದಾಹರಣೆ ಕೊಡುತ್ತೇನೆ. ಕಣದಲ್ಲಿ ಹಂತಿ ಹೊಡೆಯೋದು ನೋಡಿದ್ದೀರಾ? ನಡುವೆ ಮೇಟಿಕಂಬ, ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಸಣ್ಣ ಹೆಜ್ಜೆ ಹಾಕುತ್ತೆ. ಹೊರಗಿನ ಎತ್ತು ಬಿರಬಿರನೆ ನಡೆಯಬೇಕು. ಎಲ್ಲವೂ ಒಂದೇ ವೇಗದಲ್ಲಿ ನಡೆಯುತ್ತೇವೆ ಅಂತ ಹಟ ಹಿಡಿದರೆ ಹಗ್ಗ ಹರಿಯಬೇಕು, ಇಲ್ಲ ಕೊರಳು ಹಿಸುಕಬೇಕು. ಗಾಡಿ ತಿರುಗುವಾಗಲೂ ಅಷ್ಟೇ. ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಎಂಜಿನ್ನಿನಿಂದ ನಡೆಸುತ್ತ, ಬೇರೆ ಬೇರೆ ವೇಗಕ್ಕೆ ಬಿಟ್ಟುಕೊಡುವ ಹಲ್ಲಿನ ಚಕ್ರಗಳ ಗುಂಪೇ ಡಿಫರೆನ್ಷಿಯಲ್. ಫ್ರಾನ್ಸಿನ ಓನೆಸಿಫೋರ್ ಪೆಕರ್ ಎಂಬಾತ 1827ರಲ್ಲಿ, ಇನ್ನೂ ಉಗಿಬಂಡಿಗಳ ಕಾಲದಲ್ಲೇ, ಇದಕ್ಕೆ ಪೇಟೆಂಟ್ ತಗೊಂಡಿದ್ದ.

ಸರಿ, ಕಿಟ್ಟು ಬಂತು. ಹಾಕೋದು ಎಲ್ಲಿ? ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಆಯಿಲ್‌ನ ಒಂದು ಹನಿ ಬಿದ್ದರೂ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬರುತ್ತೆ. ದೀಪಾವಳಿ ಹತ್ತಿರ ಇತ್ತು. ಊರಲ್ಲಿ ನಲವತ್ತು ವರ್ಷದಿಂದ ಟ್ರ್ಯಾಕ್ಟರಿನ ಕ್ರೌನ್ ಪಿನಿಯನ್ ಬಿಚ್ಚಿ ಕೂರಿಸುತ್ತಿರುವ ಮಿಸ್ತ್ರಿ ಕಾಕಾ ಇದ್ದಾರೆ. ಡಬ್ಬಿಯನ್ನು ಹಿಂದಿನ ಸೀಟಿಗೆ ಹಾಕಿಕೊಂಡು ನಸುಕಿನಲ್ಲೇ ಹೊರಟೆ. ದಾವಣಗೆರೆ ದಾಟಿ, ರಾಣೆಬೆನ್ನೂರಲ್ಲಿ ಹೆದ್ದಾರಿ ಬಿಟ್ಟರೆ ಆಮೇಲೆ ನಮ್ಮದೇ ಎರೆಮಣ್ಣಿನ ಸೀಮೆ.

ನಮ್ಮೂರು ರಟ್ಟೀಹಳ್ಳಿ. ಮೊದಲು ಹಿರೇಕೆರೂರು ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ನಾನು ಹುಟ್ಟಿದಾಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಕುಮುದ್ವತಿ ನದಿ, ಚಾಲುಕ್ಯರ ಕಾಲದ ಕದಂಬೇಶ್ವರ ಗುಡಿ, ಗುಡಿಯ ಕಂಬಗಳ ತಂಪಿನಲ್ಲಿ ಪರೀಕ್ಷೆಗೆ ಓದಿದ್ದು... ಇವನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಇವತ್ತಿಗೆ ಬೇಕಾದದ್ದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕಿನೊಳಗೆ ಮಕ್ಕಳ ಕಾಲು ಸಿಕ್ಕಿಕೊಳ್ಳುವಷ್ಟು ಒಣಗುತ್ತೆ. ನಾಲ್ಕು ಹನಿ ಬಿದ್ದರೆ ಚಪ್ಪಲಿಗೆ ಸೇರಿಗೆ ಸೇರು ಅಂಟಿಕೊಳ್ಳುತ್ತೆ.

ಮನೆಗೆ ಮುಟ್ಟಿದರೆ ಅವ್ವ ಒಬ್ಬಳೇ. "ಅಣ್ಣ ಹೊಲದಾಗ ಅದಾನ. ಟ್ರೇಲರ್ ಹುಗದೈತಂತ" ಅಂದಳು. ಚಹಾನೂ ಕುಡಿಯದೆ ಹೋದೆ. ಹಿಂದಿನ ದಿನ ಹಿಂಗಾರಿನ ಮಳೆ ಬಿದ್ದಿತ್ತು. ಗೋವಿನಜೋಳದ ತೆನೆ ತುಂಬಿದ ಟ್ರೇಲರ್ ಹಿಂದೆ, ಮುಂದೆ ಟ್ರ್ಯಾಕ್ಟರಿನ ಎಡಗಾಲಿ ಕಾಲುವೆಯಂಥ ಗುಂಡಿಯಲ್ಲಿ. ಬಲಗಾಲಿ ಗಟ್ಟಿಯಾದ ಬದುವಿನ ಮೇಲೆ ಸುಮ್ಮನೆ ನಿಂತಿದೆ. ಎಡಗಾಲಿ ಮಾತ್ರ ಕೆಸರು ಚಿಮ್ಮಿಸುತ್ತ ತಿರುಗುತ್ತಿದೆ. ನನ್ನ ಜಿಪ್ಸಿಯ ರೋಗವೇ!

"ಅಣ್ಣಾ, ಲಾಕ್ ಹಾಕು" ಅಂತ ಕೂಗಿದೆ. ಟ್ರ್ಯಾಕ್ಟರಿನಲ್ಲಿ ಕಾಲಬುಡದಲ್ಲೇ ಒಂದು ಪೆಡಲ್ ಇರುತ್ತೆ, ಅದನ್ನು ತುಳಿದರೆ ಡಿಫರೆನ್ಷಿಯಲ್ ಲಾಕ್ ಆಗಿ ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ.

"ಲಾಕಿನ ಪೆಡಲ್ ಸಿಕ್ಕೊಂಡು ವರ್ಷ ಆತಲೇ ತಮ್ಮಾ. ಸುಮ್ನ ನೋಡು" ಅಂದ ಅಣ್ಣ. ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸಿದ ಕೊಂಡಿ ತೆಗೆದ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಇರೋದು ನಿಮಗೆ ಗೊತ್ತಿರಬಹುದು. ಗಿರಗಿರ ತಿರುಗುತ್ತಿದ್ದ ಎಡಗಾಲಿಯ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತುತ್ತ ಕ್ಲಚ್ ಬಿಟ್ಟ. ಎಡಗಾಲಿ ನಿಧಾನವಾಯಿತು. ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಬಲಗಾಲಿ ಅಲುಗಿತು, ಹಿಡಿಯಿತು, ಟ್ರೇಲರ್ ಸಮೇತ ಎಲ್ಲ ಮೇಲೆ ಬಂತು.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹಳ ಜನ, "ಜಾರುವ ಗಾಲಿಗೇ ಬಲ ಎಲ್ಲ ಹೋಗುತ್ತೆ" ಅಂತಾರೆ. ಹಾಗಲ್ಲ. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸರಿಸಮ ಬಲ ಹಂಚುತ್ತೆ, ತೊಂದರೆ ಬರುವುದೇ ಅಲ್ಲಿ. ಕೆಸರಲ್ಲಿರುವ ಗಾಲಿ 10 ಪಾಲು ಬಲ ತಡೆಯಬಲ್ಲದು ಅನ್ನಿ, ಅದರ ಮೇಲೆ ಕೊಟ್ಟರೆ ಜಾರುತ್ತೆ. ಗಟ್ಟಿ ನೆಲದ ಗಾಲಿಗೆ 100 ಪಾಲು ತಡೆಯುವ ತಾಕತ್ತಿದೆ. ಆದರೆ ಕೆಸರಿನದಕ್ಕೆ 10 ಮಾತ್ರ ಹೋಗುವುದರಿಂದ ಗಟ್ಟಿಯದಕ್ಕೂ 10 ಅಷ್ಟೇ ಸಿಗುತ್ತೆ. ಒಟ್ಟು 20. ಟ್ರೇಲರ್ ಅಲುಗೋದಿಲ್ಲ. ಈಗ ಜಾರುವ ಗಾಲಿಗೆ 40 ಪಾಲು ಬ್ರೇಕ್ ಒತ್ತಿದರೆ, ಆ ಬದಿಗೆ ನೆಲದ 10, ಬ್ರೇಕಿನ 40, ಸೇರಿ 50 ಬೇಕಾಯಿತು. ಸರಿಸಮ ಹಂಚುವ ನಿಯಮದಂತೆ ಗಟ್ಟಿ ಗಾಲಿಗೂ 50! ಬ್ರೇಕಿಗೆ ಹೋದ 40 ದಂಡ, ಆದರೂ ನೆಲ ತಳ್ಳುವ ಬಲ 60 ಆಯಿತು. ಇವತ್ತು ದುಬಾರಿ ಕಾರುಗಳಲ್ಲಿ ಕಂಪ್ಯೂಟರು ಜಾರುವ ಗಾಲಿಗೆ ತಾನೇ ಬ್ರೇಕ್ ಹಾಕುತ್ತೆ, ಅದನ್ನು ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಲಾಕ್ ಅಂತ ಮಾರುತ್ತಾರೆ. ನಮ್ಮಣ್ಣ ಅದನ್ನು ಎಡಗಾಲಲ್ಲೋ ಬಲಗಾಲಲ್ಲೋ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ.

ಮನೆಗೆ ಬರುವಾಗ ಗಮನಿಸಿದೆ. ಟ್ರೇಲರ್ ಮುಕ್ಕಾಲೂ ತುಂಬಿರಲಿಲ್ಲ. "ಇಷ್ಟೇನಾ ಅಣ್ಣಾ?" ಅಂದೆ. "ಈ ಸಲ ಅಷ್ಟ" ಅಂದ.

ರಾತ್ರಿ ಊಟ ಆಯಿತು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಎಂಟನೆತ್ತೆ ಓದುವ ಅಣ್ಣನ ಮಗನಿಗೆ ಡಬ್ಬಿ ನೋಡಿದಾಗಿನಿಂದ ತಡೆಯಲಾಗುತ್ತಿಲ್ಲ. "ಕಾಕಾ, ತೆಗೀಲಾ?" ಅಂದ. ತೆಗಿ ಅಂದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಪ್ಲೇಟುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಇಟ್ಟ. ಸ್ಪ್ರಿಂಗು, ತೆಳುವಾದ ಶಿಮ್‌ಗಳು, ಸೂಚನೆಯ ಹಾಳೆ. ತಳದಲ್ಲಿ ಮಡಿಚಿಟ್ಟ ಬಿಲ್ಲು. ಹುಡುಗ ಅದನ್ನೂ ಬಿಡಿಸಿ, ಶಾಲೆಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದ. ತಾರೀಖು, ಆಗಸ್ಟ್ ತಿಂಗಳದು. ಒಟ್ಟು, ಐವತ್ತೆರಡು ಸಾವಿರ.

ಅತ್ತಿಗೆ ತಾಟು ಎತ್ತುತ್ತಿದ್ದವರು ಒಂದು ಕ್ಷಣ ನಿಂತರು. ಅಣ್ಣ ಪ್ಲೇಟೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ನನಗೆ ಆಗಸ್ಟಿನ ಆ ಬುಧವಾರ ನೆನಪಾಯಿತು. ಅಣ್ಣ ಸಾಮಾನ್ಯವಾಗಿ ಫೋನ್ ಮಾಡುವವನಲ್ಲ. ಅವತ್ತು ಮಾಡಿದ್ದ. ಮಳೆ ಕೈಕೊಟ್ಟಿದೆ, ಗೋವಿನಜೋಳ ಸೂಲಂಗಿ ಹಾಕಿದೆ, ಬೋರಿನ ಮೋಟರ್ ಸುಟ್ಟಿದೆ, ಎರಡು ಸಲ ವೈಂಡಿಂಗ್ ಮಾಡಿಸಿದ್ದಾಯಿತು, ಇನ್ನು ಹೊಸದೇ ಆಗಬೇಕು. "ಒಂದ್ ನಲವತ್ತು ಸಾವಿರ ಆಕ್ಕೈತಿ. ನಿಂಗ ಅನುಕೂಲ ಇದ್ರ ನೋಡು, ಇಲ್ಲಂದ್ರ ಇರ್ಲಿ." ನಾನು "ಈ ತಿಂಗಳು ಸ್ವಲ್ಪ ಬಿಗಿ ಐತಿ ಅಣ್ಣಾ, ಮನೆ ಕಂತು ಐತಿ, ಮುಂದಿನ ತಿಂಗಳು ನೋಡೋಣ" ಅಂದಿದ್ದೆ. "ಆತು ತಮ್ಮಾ" ಅಂತ ಇಟ್ಟಿದ್ದ. ಆ ಶನಿವಾರ ರಾತ್ರಿ ನಾನು ಕಿಟ್ಟಿಗೆ ದುಡ್ಡು ಕಟ್ಟಿದೆ. ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಸುಳ್ಳು ಹೇಳಿದೆ ಅಂತಲೂ ಅನಿಸಿರಲಿಲ್ಲ, ಕಂತು ಇದ್ದದ್ದು ನಿಜವೇ ತಾನೆ! ಮುಂದಿನ ತಿಂಗಳು ಅವನು ಕೇಳಲಿಲ್ಲ, ನಾನು ನೆನಪಿಸಲಿಲ್ಲ.

"ಇದು ಹಾಕಿದ್ರ ಗಾಡಿ ಹುಗಿಯೂದಿಲ್ಲಾ?" ಅಂತ ಕೇಳಿದ ಅಣ್ಣ, ಪ್ಲೇಟು ಕೆಳಗಿಟ್ಟು.

"ಕಡಿಮಿ ಹುಗೀತದ" ಅಂದೆ. ಅಷ್ಟೇ ಮಾತು. ಎಲ್ಲರೂ ಮಲಗಿದರು. ನನಗೆ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಮರುದಿನ ಬೆಳಗ್ಗೆ ಮಿಸ್ತ್ರಿ ಕಾಕಾನ ಗ್ಯಾರೇಜು. ಅಂದರೆ ಒಂದು ಹುಣಸೆಮರ, ಮೂರು ತಗಡಿನ ಶೀಟು, ಒಂದು ಕಬ್ಬಿಣದ ವೈಸು. ಕಾಕಾ ಸೂಚನೆಯ ಹಾಳೆಯನ್ನು ಓದಲಿಲ್ಲ. ಪ್ಲೇಟುಗಳನ್ನು ಬೆರಳಲ್ಲಿ ಸವರಿ, "ಇದು ಮೋಟರ್‌ಸೈಕಲ್ ಕ್ಲಚ್ ಇದ್ದಂಗ ಐತಲ್ಲ" ಅಂದರು. ಒಂದೇ ಮಾತಲ್ಲಿ ಇಡೀ ಯಂತ್ರ ಅರ್ಥವಾಗಿತ್ತು ಅವರಿಗೆ. ಎರಡೂ ಬದಿಯ ಗೇರಿನ ಹಿಂದೆ ಕ್ಲಚ್ ಪ್ಲೇಟುಗಳು, ಅವನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳು. ತಿರುವಿನಲ್ಲಿ ಪ್ಲೇಟುಗಳು ಸ್ವಲ್ಪ ಜಾರಿ ಬಿಟ್ಟುಕೊಡುತ್ತವೆ. ಒಂದು ಗಾಲಿ ತೀರಾ ಜಾರಿದರೆ ತಿಕ್ಕಾಟದಿಂದ ಇನ್ನೊಂದು ಗಾಲಿಗೂ ಬಲ ದಾಟಿಸುತ್ತವೆ. 1930ರ ದಶಕದಲ್ಲಿ ಆಟೊ ಯೂನಿಯನ್ ರೇಸ್ ಕಾರುಗಳ ಗಾಲಿ ಜಾರುವುದನ್ನು ತಡೆಯಲು ಫರ್ಡಿನಂಡ್ ಪೋರ್ಶೆ ಜರ್ಮನಿಯ ಜೆಡ್‌ಎಫ್ ಕಂಪನಿಯ ಮೊರೆ ಹೋದರು. ಮಾರುವ ಕಾರುಗಳಿಗೆ ಅಮೆರಿಕದ ಪ್ಯಾಕರ್ಡ್ ಕಂಪನಿ 1956ರಲ್ಲಿ ಕೊಟ್ಟಿತು. 1958ರಲ್ಲಿ ವರ್ನನ್ ಗ್ಲೀಸ್‌ಮನ್ ಪ್ಲೇಟುಗಳೇ ಇಲ್ಲದೆ ಬರೀ ಗೇರುಗಳಿಂದ ಇದೇ ಕೆಲಸ ಮಾಡಿಸುವ ಟಾರ್ಸನ್ನಿಗೆ ಪೇಟೆಂಟ್ ತಗೊಂಡ. ಅದು ಸವೆಯುವುದು ಕಡಿಮೆ, ಆದರೆ ಒಂದು ಗಾಲಿ ಪೂರ್ತಿ ಗಾಳಿಯಲ್ಲಿದ್ದರೆ ಅದರ ಆಟ ನಡೆಯೋದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ ತಾನೆ? ಪ್ಲೇಟಿನದಕ್ಕೆ ಸ್ಪ್ರಿಂಗಿನ ಒತ್ತಡ ಸದಾ ಇರುವುದರಿಂದ ಅಷ್ಟಿಷ್ಟು ಬಲ ಆಗಲೂ ದಾಟುತ್ತೆ. ಗಾಲಿ ಎತ್ತುವ ನನ್ನ ಜಿಪ್ಸಿಗೆ ಅದಕ್ಕೇ ಪ್ಲೇಟಿನದು.

ಕೆಲಸ ಶುರುವಾಯಿತು. ಗಾಡಿ ಎತ್ತಿ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂರಿಸಿದೆವು. ಹಳೇ ಆಯಿಲ್ ಇಳಿಸಿದೆವು. ಹಿಂದಿನ ಗಾಲಿ, ಬ್ರೇಕ್ ಡ್ರಮ್ಮು ತೆಗೆದು ಎರಡೂ ಎಕ್ಸಲ್‌ಗಳನ್ನು ಹೊರಗೆ ಎಳೆದೆವು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಡಿಫರೆನ್ಷಿಯಲ್ಲಿನ ಇಡೀ ಗಡ್ಡೆ ಹೌಸಿಂಗಿನಿಂದ ಮುಂದಕ್ಕೆ ಬಂತು. ಜಿಪ್ಸಿಯ ಇದೊಂದು ಗುಣ ದೊಡ್ಡದು, ಬೆಂಚಿನ ಮೇಲಿಟ್ಟು ಕೆಲಸ ಮಾಡಬಹುದು. ನಾನು ಬೇರಿಂಗ್ ಕ್ಯಾಪಿಗೆ ಪಾನಾ ಹಾಕಹೋದೆ. ಕಾಕಾ ಕೈ ಹಿಡಿದರು. "ನಿಲ್ಲಪಾ." ಪಂಚು ತಗೊಂಡು ಎಡದ ಕ್ಯಾಪಿಗೆ ಒಂದು ಚುಕ್ಕಿ, ಬಲದ್ದಕ್ಕೆ ಎರಡು ಚುಕ್ಕಿ ಹೊಡೆದರು. ಆ ಕ್ಯಾಪುಗಳನ್ನು ಅವುಗಳ ಜಾಗದಲ್ಲೇ ಕೂರಿಸಿ ಕೊರೆದಿರುತ್ತಾರೆ, ಅದಲುಬದಲಾದರೆ ಬೇರಿಂಗು ಹಾಳು.

ಅಷ್ಟರಲ್ಲಿ ಅಣ್ಣ ಬಂದ. ಹೊಲದಲ್ಲಿ ಕೆಲಸ ಇರುವಾಗ ಬರುವವನಲ್ಲ. ಬಂದು, ಏನೂ ಹೇಳದೆ, ಬ್ಯಾಟರಿ ದೀಪ ಹಿಡಿದುಕೊಂಡು ಪಕ್ಕದಲ್ಲಿ ಕೂತ. ನಾನು ಎಲ್ಲಿ ನೋಡುತ್ತಿದ್ದೆನೋ ಸರಿಯಾಗಿ ಅಲ್ಲಿಗೆ ಬೆಳಕು ಬರುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಸೈಕಲ್ಲಿನ ಚೈನು ಹಾಕುವಾಗಲೂ ಹೀಗೇ ಕೂರುತ್ತಿದ್ದ. ನನಗೆ ಪಾನಾ ಎರಡು ಸಲ ಕೈ ಜಾರಿತು.

ಹಳೇ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಪ್ಲೇಟುಗಳನ್ನು ಗೇರ್ ಆಯಿಲಿನಲ್ಲಿ ರಾತ್ರಿಯಿಡೀ ನೆನೆಹಾಕಿದೆವು. ಒಣ ಪ್ಲೇಟು ಕೂರಿಸಿದರೆ ಮೊದಲ ತಿರುವಿನಲ್ಲೇ ಸುಡುತ್ತವೆ. ಮರುದಿನ ಜೋಡಣೆ. ಇಲ್ಲಿ ಮುಖ್ಯವಾದದ್ದು ಒತ್ತಡದ ಲೆಕ್ಕ. ಸೂಚನೆಯ ಹಾಳೆಯಲ್ಲಿ ಸುಮಾರು 60 ನ್ಯೂಟನ್ ಮೀಟರ್ ಅಂತ ಇತ್ತು. ಅಂದರೆ ಒಂದು ಬದಿಯ ಎಕ್ಸಲ್ ಹಿಡಿದು ನಿಲ್ಲಿಸಿ ಇನ್ನೊಂದನ್ನು ತಿರುಗಿಸಿದರೆ ಅಷ್ಟು ಬಲಕ್ಕೆ ಜಾರಬೇಕು. ನನ್ನ ಟಾರ್ಕ್ ರೆಂಚು ಬೆಂಗಳೂರಲ್ಲೇ ಉಳಿದಿತ್ತು. ಕಾಕಾ ಒಂದು ಮೀಟರ್ ಉದ್ದದ ಪೈಪು ತಂದು ಎಕ್ಸಲ್ಲಿಗೆ ಸಿಕ್ಕಿಸಿದರು. ಪೈಪಿನ ತುದಿಗೆ ಹತ್ತಿ ತೂಗುವ ಕೊಕ್ಕೆಯ ತಕ್ಕಡಿ. ಒಂದು ಮೀಟರ್ ದೂರದಲ್ಲಿ 6 ಕಿಲೋ ಎಳೆದರೆ ಹತ್ತಿರ ಹತ್ತಿರ 60 ನ್ಯೂಟನ್ ಮೀಟರ್ ತಾನೆ! ಮೊದಲ ಸಲ ಎಳೆದರೆ 3 ಕಿಲೋಗೇ ಜಾರಿತು, ಸಡಿಲ. ಬಿಚ್ಚಿ, ಶಿಮ್ ಹಾಕಿದೆವು. 9 ಕಿಲೋ, ಬಿಗಿ. ಮತ್ತೆ ಬಿಚ್ಚಿದೆವು. ಮೂರನೆಯ ಸಲ 6ಕ್ಕೆ ಬಂತು. ಪ್ರತಿ ಸಲ ತಕ್ಕಡಿಯ ಅಂಕಿ ಓದಿದ್ದು ಅಣ್ಣನ ಮಗ, ಅದೇ ಗಟ್ಟಿ ದನಿಯಲ್ಲಿ.

ಆಮೇಲೆ ಕ್ರೌನು ಪಿನಿಯನ್ನು ಹೊಂದಿಸುವುದು. ಹಲ್ಲುಗಳಿಗೆ ನೀಲಿ ಬಳಿದು, ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿತ್ತಾ ನೋಡಿದೆವು. ಹಲ್ಲುಗಳ ನಡುವಿನ ಸಡಿಲ ಡಯಲ್ ಗೇಜಿನಲ್ಲಿ 0.15 ಮಿಲಿಮೀಟರಿಗೆ ನಿಂತಿತು. ಕಾಕಾ ಗೇಜು ಇಡುವ ಮೊದಲೇ ಬೆರಳಿಂದ ಅಲುಗಿಸಿ "ಆತು ನೋಡು" ಅಂದಿದ್ದರು. ಸಂಜೆ ಹೊತ್ತಿಗೆ ಎಲ್ಲ ಮೇಲೇರಿಸಿ ಹೊಸ 80-90ರ ಗೇರ್ ಆಯಿಲ್ ತುಂಬಿದೆವು.

ಗಾಡಿ ಹೊರಗೆ ತೆಗೆದು ಹುಣಸೆಮರದ ಸುತ್ತ ತಿರುಗಿಸಿದೆ ನೋಡಿ... ಹಿಂದಿನಿಂದ ಕರ್ ಕರ್ ಕರ್! ಎದೆ ಧಸಕ್ ಅಂತು. ಕಾಕಾ ಮಾತ್ರ ನಕ್ಕರು. "ಹೊಸಾ ಜೋಡಿ, ಒಂದೀಟು ಜಗಳ ಇರ್ತೈತಿ." ತಪ್ಪು ನನ್ನದೇ. ಇಂಥ ಪ್ಲೇಟುಗಳು ಇರುವ ಕಡೆ ಆಯಿಲ್ ಜತೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಇನ್ನೊಂದು ದ್ರವ ಬೆರೆಸಬೇಕು. ಅದರ ಸಣ್ಣ ಶೀಷೆ ಡಬ್ಬಿಯ ಮೂಲೆಯಲ್ಲಿ ಹಾಗೇ ಕೂತಿತ್ತು. ಅದನ್ನು ಹಾಕಿ, ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳಲು ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಬೇಕು. ಎಲ್ಲಿ ಸುತ್ತೋದು? ನಮ್ಮ ಕಣದಲ್ಲಿ. ಅಪ್ಪ ಹಂತಿ ಹೊಡೆದ ಕಣವದು.

ಅಣ್ಣ ಪಕ್ಕದ ಸೀಟಿನಲ್ಲಿ ಕೂತ. ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು. ಕತ್ತಲಾಗಿತ್ತು. ಏಳನೆಯದೋ ಎಂಟನೆಯದೋ ಸುತ್ತಿನಲ್ಲಿ ನಾನು ಹೇಳಿದೆ.

"ಅಣ್ಣಾ, ನೀ ಮೋಟರಿಗೆ ರೊಕ್ಕ ಕೇಳಿದಾಗ ನನ್ನ ಕಡೆ ಇತ್ತು."

"ಗೊತ್ತಾತು ಬಿಡು, ಹುಡುಗ ಓದಿದ್ನಲ್ಲ" ಅಂದ.

"ಜೋಳ ಎಷ್ಟು ಹೋತು?"

"ಎರಡು ಎಕರೆ ತೆನಿ ಕಟ್ಟಲಿಲ್ಲ. ಆಮ್ಯಾಲೆ ಅಡತಿ ಅಂಗಡಿಯಾಗ ರೊಕ್ಕ ತಂದು ಮೋಟರ್ ಬಿಟ್ಟೆ. ಉಳಿದಿದ್ದು ಉಳೀತು."

"ನೀ ಇನ್ನೊಮ್ಮೆ ಯಾಕ ಕೇಳಲಿಲ್ಲ?"

ಒಂದು ಪೂರ್ತಿ ಸುತ್ತು ಸುಮ್ಮನಿದ್ದ. "ನೀ ಬಿಗಿ ಐತಿ ಅಂದಿ. ನೀ ಸುಳ್ಳು ಹೇಳ್ತಿ ಅಂತ ನಾ ಯಾಕ ತಿಳೀಲಿ?"

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಗಾಡಿ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವನ ಮುಖ ನೋಡಬೇಕಾಗುತ್ತಿತ್ತು. ಸುತ್ತುತ್ತಲೇ ಹೇಳಿದೆ, ಅಡತಿಯ ಸಾಲ, ಬಡ್ಡಿ ಎಲ್ಲ ನಾಳೆಯೇ ಕಟ್ಟುತ್ತೇನೆ ಅಂತ. ಬೇಡ ಅಂದ. ನಾನು ಬಿಡಲಿಲ್ಲ. ಕೊನೆಗೆ "ಅರ್ಧ ಕೊಡು. ಹೊಲದಾಗ ನಿಂದೂ ಅರ್ಧ ಐತಿ. ಅರ್ಧ ನಂದು ನಾ ಕಟ್ತೇನಿ" ಅಂದ. ಸರಿಸಮ ಹಂಚುವ ಲೆಕ್ಕವನ್ನು ಎರಡು ದಿನದ ಹಿಂದೆಯಷ್ಟೇ ನಾನು ಅವನ ಮಗನಿಗೆ ಕಾಗದದ ಮೇಲೆ ಬರೆದು ತೋರಿಸಿದ್ದೆ. ಕೆಸರಲ್ಲಿ ಇರುವವನಿಗೂ ಗಟ್ಟಿ ನೆಲದಲ್ಲಿ ಇರುವವನಿಗೂ ಒಂದೇ ಪಾಲು ಹಾಕಿದರೆ ಗಾಡಿ ಮುಂದೆ ಹೋಗೋದಿಲ್ಲ ಅಂತ. ಅದನ್ನು ಅವನಿಗೆ ಹೇಳಲು ನಾಲಗೆ ಬರಲಿಲ್ಲ. ಮರುದಿನ ಅಡತಿ ಅಂಗಡಿಗೆ ಹೋಗಿ, ಅವನು ಬೇರೆಯವರ ಜತೆ ಮಾತಾಡುತ್ತಿದ್ದಾಗ, ಪೂರ್ತಿ ಕಟ್ಟಿ ಬಂದೆ. ಅದಕ್ಕೆ ಅವನು ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಆ ಎರಡು ಎಕರೆಯ ಜೋಳವಂತೂ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ಪರೀಕ್ಷೆಯೂ ಆಯಿತು. ಟ್ರೇಲರ್ ಹುಗಿದಿದ್ದ ಅದೇ ಗುಂಡಿಗೆ ಜಿಪ್ಸಿ ಇಳಿಸಿದೆ. ಎಡಗಾಲಿ ಕೆಸರಲ್ಲಿ, ಬಲಗಾಲಿ ಬದುವಿನ ಮೇಲೆ. ಒಂದು ಸಲ ಗರ್ರ್ ಅಂದು, ಎರಡೂ ಗಾಲಿ ಹಿಡಿದು, ಮೇಲೆ ಬಂತು. ಅಣ್ಣನ ಮಗ ಸಿಳ್ಳೆ ಹೊಡೆದ. ಸೊಕ್ಕು ಬಂದು ಗಾಡಿಯನ್ನು ಇನ್ನೂ ಹಸಿಯಾಗಿದ್ದ ಹೊಲದ ನಡುವಿಗೇ ನುಗ್ಗಿಸಿದೆ. ಈ ಸಲ ಎರಡೂ ಗಾಲಿ ಸರಿಸಮನಾಗಿ ಜಾರಿ, ಸರಿಸಮನಾಗಿ ಹೂತು, ಹೊಟ್ಟೆ ನೆಲಕ್ಕೆ ತಾಗಿತು. ಎರಡೂ ಕೆಸರಲ್ಲೇ ಇದ್ದರೆ 52 ಸಾವಿರದ ಕಿಟ್ಟು ಏನು ಮಾಡೀತು? ಅಣ್ಣ ಟ್ರ್ಯಾಕ್ಟರ್ ತಂದು ಸರಪಳಿ ಹಾಕಿ ಎಳೆದ. ಎಳೆಯುವ ಮೊದಲು ನನ್ನ ಕಡೆ ತಿರುಗಿ ನೋಡಿ ನಕ್ಕ. ಆ ಎರಡು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು :)

ಬೆಂಗಳೂರಿಗೆ ಹೊರಡುವ ಮುಂಚೆ ಒಂದು ಕೆಲಸ ಮುಗಿಸಿದೆವು. ಮಿಸ್ತ್ರಿ ಕಾಕಾ, ನಾನು, ಅಣ್ಣ ಸೇರಿ ಟ್ರ್ಯಾಕ್ಟರಿನ ಲಾಕ್ ಪೆಡಲ್ ಬಿಡಿಸಿದೆವು. ತುಕ್ಕು ಹಿಡಿದ ಒಂದು ಪಿನ್ನು, ಮುರಿದ ಒಂದು ಸ್ಪ್ರಿಂಗು. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ. "ತಿರುವಿನಾಗ ತುಳೀಬ್ಯಾಡ, ಸ್ಟೇರಿಂಗ್ ಕೇಳೂದಿಲ್ಲ" ಅಂತ ಕಾಕಾ ಅಣ್ಣನಿಗೆ ಎರಡೆರಡು ಸಲ ಹೇಳಿದರು.

ಇಂಥ ಕಿಟ್ಟು ಹಾಕಿಸಬೇಕು ಅನ್ನುವವರಿಗೆ ನನ್ನ ಅನುಭವದ ಐದು ಮಾತು. ಹಿಂದಿನ ಎರಡೂ ಟಯರು ಒಂದೇ ಅಳತೆಯವು, ಒಂದೇ ಸವೆತದವು ಇರಲಿ, ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಪ್ಲೇಟು ತಿಕ್ಕಿ ಸವೆಯುತ್ತವೆ. ಒಂದೇ ಗಾಲಿ ಜ್ಯಾಕಿನಲ್ಲಿ ಎತ್ತಿ ಎಂಜಿನ್ ಶುರು ಮಾಡಿ ಗೇರಿಗೆ ಹಾಕಲೇಬೇಡಿ, ನೆಲದಲ್ಲಿರುವ ಗಾಲಿ ಗಾಡಿಯನ್ನು ಜ್ಯಾಕಿನಿಂದ ಹಾರಿಸುತ್ತೆ. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಪ್ಲೇಟಿನ ಪುಡಿ ಬಂದಿರುತ್ತೆ. ಮಳೆಯಲ್ಲಿ ತಿರುವಿನ ನಡುವೆ ಜೋರಾಗಿ ತುಳಿದರೆ ಎರಡೂ ಹಿಂದಿನ ಗಾಲಿ ಒಟ್ಟಿಗೆ ಜಾರಿ ಬಾಲ ಹೊರಗೆ ಹೋಗುತ್ತೆ, ಮೊದಲು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು ವಿಮೆಯವರಿಗೆ ತಿಳಿಸಿಬಿಡಿ.

ಆರನೆಯದೂ ಒಂದಿದೆ. ಆರ್ಡರ್ ಮಾಡುವ ಮೊದಲು ಊರಿಗೆ ಒಂದು ಫೋನ್ ಮಾಡಿ.

ನಿನ್ನೆ ಸಂಜೆ ಅಣ್ಣನ ಫೋನ್ ಬಂತು. ನನಗೆ ಗಾಬರಿ. "ಏನಾತು ಅಣ್ಣಾ?" ಅಂದೆ.

"ಏನಿಲ್ಲ. ಐದನೂರು ಕಿಲೋಮೀಟರ್ ಆತಲ್ಲ, ಆಯಿಲ್ ಬದಲಿ ಮಾಡಿಸಿದೇನಲೇ?" ಅಂದ.

ಮಾಡಿಸಿರಲಿಲ್ಲ. ಈ ಭಾನುವಾರ ಮಾಡಿಸಬೇಕು. ನಿಮ್ಮ ಕಡೆಯೂ ಇಂಥ ಅಣ್ಣಂದಿರು, ಇಂಥ ಗಾಡಿಗಳು ಇದ್ದರೆ ಬರೆಯಿರಿ, ಓದುತ್ತೇನೆ.